ಜಾರ್ ಹಾಕಿ ಜಾರಿಕೊಳ್ಳುವವರು

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಸಿಟ್ಟಿನಲ್ಲಿ ಬರೆದ ಬರಹ. ಸಿಟ್ಟು ಜಾವಾ ಮೇಲಲ್ಲ, ಕಂಪ್ಯೂಟರ್ ಮೇಲಂತೂ ಅಲ್ಲವೇ ಅಲ್ಲ. ಸಿಟ್ಟು ಇರೋದು ನಮ್ಮ ವೃತ್ತಿಯಲ್ಲಿ ಮಂತ್ರದ ಥರ ಬಳಕೆಯಾಗ್ತಿರೋ ಮೂರೇ ಮೂರು ಪದಗಳ ಮೇಲೆ: "ಜಾರ್ ಹಾಕಿ ನೋಡು". ಸಾಫ್ಟ್‌ವೇರಿನವರಲ್ಲದ ಗೆಳೆಯರು ಇಲ್ಲಿಗೇ ಎದ್ದು ಹೋಗಬೇಡಿ. ಇದು ಮಿಕ್ಸಿ ಜಾರಿನ ವಿಷಯ ಅಲ್ಲ ನಿಜ :-) ಆದರೆ ನಿಮಗೂ ಸಂಬಂಧಪಟ್ಟ ವಿಷಯವೇ. ಯಾಕೆ ಅಂತ ಮುಂದೆ ಹೇಳ್ತೀನಿ.

ಗೊತ್ತಿಲ್ಲದವರಿಗಾಗಿ ಚಿಕ್ಕದೊಂದು ಪೀಠಿಕೆ. ಜಾವಾದಲ್ಲಿ ಬರೆದ ಪ್ರೋಗ್ರಾಂ ಅಂದ್ರೆ ನೂರಾರು, ಸಾವಿರಾರು ಕ್ಲಾಸುಗಳ ಸಂಸಾರ. ಆ ಕ್ಲಾಸುಗಳನ್ನೆಲ್ಲಾ ಕಟ್ಟಿ ಇಡೋ ಗಂಟಿಗೆ ಜಾರ್ ಅಂತ ಹೆಸರು (ಒಳಗೆ ಅದು ನಾವು ನೀವು ಬಳಸೋ ಜಿಪ್ ಫೈಲೇ, ಬೇರೇನಲ್ಲ). ನಾವು ಬರೆಯೋದು ಹಿಡಿಯಷ್ಟು, ಬೇರೆಯವರು ಬರೆದಿಟ್ಟ ಜಾರುಗಳಿಂದ ಕಡ ತರೋದು ಬೆಟ್ಟದಷ್ಟು. ಪ್ರೋಗ್ರಾಂ ಓಡುವಾಗ ಯಾವುದೋ ಕ್ಲಾಸು ಮೊದಲ ಸಲ ಬೇಕಾದಾಗ ಜೆವಿಎಂ ಅದನ್ನು ಹುಡುಕಿಕೊಂಡು ಹೊರಡುತ್ತೆ. ಎಲ್ಲೆಲ್ಲಿ ಹುಡುಕಬೇಕು ಅಂತ ನಾವು ಬರೆದುಕೊಟ್ಟ ವಿಳಾಸದ ಪಟ್ಟಿಯೇ ಕ್ಲಾಸ್‌ಪಾತ್. ಸಿಕ್ಕಿದರೆ ಸರಿ. ಸಿಗದಿದ್ದರೆ ಲಾಗ್ ಫೈಲಿನ ತುಂಬಾ ಬೈಗುಳ.

ಈ ಬೈಗುಳವನ್ನು ಓದದೇ ಇರೋದೇ ನಮ್ಮ ರೋಗ ಅನ್ನೋದು ನನ್ನ ವಾದ. ವಾದಕ್ಕೆ ಮುಂಚೆ ಒಂದು ಕಥೆ. ಇದರಲ್ಲಿ ಖಳನಾಯಕ ನಾನೇ.

* * *

ಕೆಲವು ತಿಂಗಳ ಹಿಂದಿನ ಮಾತು. ಶುಕ್ರವಾರ ರಾತ್ರಿ ರಿಲೀಸ್ ಇತ್ತು. ಸರ್ವರ್ ಮುಂದೆ ಕೂತಿದ್ದವಳು ನಮ್ಮ ಟೀಮಿಗೆ ಸೇರಿ ಎಂಟು ತಿಂಗಳಾಗಿದ್ದ ಹುಡುಗಿ. ನಾನು ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಹತ್ತೂವರೆಗೆ ಫೋನ್ ಬಂತು. "ನೋಕ್ಲಾಸ್‌ಡೆಫ್‌ಫೌಂಡ್‌ಎರರ್ ಬರ್ತಿದೆ, ಏನು ಮಾಡ್ಲಿ?" ಅಂದಳು.

ನಾನು ಅನ್ನ ಕಲಸುತ್ತಲೇ ಉತ್ತರ ಕೊಟ್ಟೆ. "ಯಾವುದೋ ಜಾರ್ ಮಿಸ್ ಆಗಿದೆ ಅಷ್ಟೇ. ಹಾಕಿ ನೋಡಮ್ಮ."

"ಅದು ನಮ್ಮದೇ ಕಾಮನ್ ಜಾರಿನ ಕ್ಲಾಸು. ಲಿಬ್ ಫೋಲ್ಡರಿನಲ್ಲಿ ಆ ಜಾರ್ ಇದೆಯಲ್ಲಾ, ನೋಡ್ತಾ ಇದೀನಿ..."

"ಕರಪ್ಟ್ ಆಗಿರಬಹುದು. ಇನ್ನೊಂದು ಕಾಪಿ ಎಲ್ಲಾದ್ರೂ ಇದ್ರೆ ಹಾಕು."

ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ! ಅವಳು ಕೈಗೆ ಸಿಕ್ಕ ಇನ್ನೊಂದು ಕಾಪಿಯನ್ನು ಹಾಕಿದಳು. ಅದು ನಾಲ್ಕು ತಿಂಗಳು ಹಳೇ ಆವೃತ್ತಿ. ಎರರ್ ಬದಲಾಯಿತು, ಈಗ ನೋಸಚ್‌ಮೆಥಡ್‌ಎರರ್. ಬದಲಾಯಿತಲ್ಲಾ, ಅಂದ್ರೆ ಮುಂದೆ ಹೋಗ್ತಿದ್ದೀವಿ ಅಂತ ನಾನೇ ಧೈರ್ಯ ಹೇಳಿದೆ. ಅದಕ್ಕೊಂದು ಜಾರ್ ಹಾಕಿದ್ದಾಯಿತು. ಆಮೇಲೆ ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಶನ್ ಬಂತು. ಅದಕ್ಕೆ ಇನ್ನೊಂದು. ಬೆಳಗಿನ ಜಾವ ಮೂರೂವರೆಗೆ ಲಿಬ್ ಫೋಲ್ಡರಿನಲ್ಲಿ ಮೂರು ಹೊಸ ಜಾರ್ ಇದ್ದವು, ಸರ್ವರ್ ಮಾತ್ರ ಎದ್ದಿರಲಿಲ್ಲ. ರಿಲೀಸ್ ಕೈಬಿಟ್ಟು ಹಳೆಯದಕ್ಕೆ ವಾಪಸ್ ಹೋದೆವು.

ಶನಿವಾರ ಮಧ್ಯಾಹ್ನ ಕಾಲ್‌ನಲ್ಲಿ ಆರು ಜನ ಕೂತು ಒಬ್ಬೊಬ್ಬರು ಒಂದೊಂದು ಜಾರಿನ ಹೆಸರು ಹೇಳ್ತಾ ಇದ್ದೆವು. ಸರ್ವರ್ ನೋಡಿಕೊಳ್ಳೋ ಹಿರಿಯರೊಬ್ಬರು, ಅಲ್ಲಿವರೆಗೂ ಸುಮ್ಮನಿದ್ದವರು, ಒಂದೇ ಪ್ರಶ್ನೆ ಕೇಳಿದರು. "ಸ್ಟಾರ್ಟ್ ಮಾಡಿದ ಮೇಲೆ ಮೊಟ್ಟಮೊದಲು ಬಂದ ಎರರ್ ಯಾವುದು?"

ಯಾರಿಗೂ ಗೊತ್ತಿರಲಿಲ್ಲ. ನಾವೆಲ್ಲಾ ನೋಡಿದ್ದು ಲಾಗಿನ ಬಾಲವನ್ನು ಮಾತ್ರ. ಅವರು ಶುಕ್ರವಾರ ರಾತ್ರಿಯ ಲಾಗನ್ನು ಮೇಲಿನಿಂದ ಓದುತ್ತಾ ಬಂದರು. ಎಲ್ಲೋ ನಾನೂರು ಸಾಲು ಮೇಲೆ, ಒಂದೇ ಒಂದು ಸಲ, ಎಕ್ಸೆಪ್ಶನ್‌ಇನ್‌ಇನಿಶಿಯಲೈಸರ್‌ಎರರ್ ಅಂತ ಇತ್ತು. ಅದರ ಕೆಳಗೆ ಫೈಲ್‌ನಾಟ್‌ಫೌಂಡ್‌ಎಕ್ಸೆಪ್ಶನ್. ಅದರ ಪಕ್ಕದ ಆವರಣದಲ್ಲಿ ಎರಡೇ ಪದ: ಪರ್ಮಿಷನ್ ಡಿನೈಡ್.

"ನಂಗೆ ಜಾವಾ ಬರಲ್ಲಪ್ಪ. ಆದ್ರೆ ಇದು ಅರ್ಥ ಆಗುತ್ತೆ" ಅಂದರು. ಕಾನ್ಫಿಗ್ ಫೈಲೊಂದು ರೂಟ್ ಹೆಸರಿನಲ್ಲಿ ಕಾಪಿ ಆಗಿತ್ತು, ನಮ್ಮ ಸರ್ವರ್ ಓಡೋ ಯೂಸರ್‌ಗೆ ಅದನ್ನು ಓದೋ ಅನುಮತಿ ಇರಲಿಲ್ಲ. ಅಷ್ಟೇ! ಅನುಮತಿ ಕೊಟ್ಟರು, ಮೂರೂ ಜಾರ್ ಕಿತ್ತು ಹಾಕಿದರು, ಸರ್ವರ್ ಎದ್ದಿತು. ಎರಡು ನಿಮಿಷದ ಕೆಲಸ.

ಸೋಮವಾರ ಆರ್‌ಸಿಎ ಬಂತು. ಯಾಕೆ ಹೀಗಾಯ್ತು ಅಂತ ಮೇಲಿನವರಿಗೆ ಬರೆದುಕೊಡೋ ಕಾಗದ ಅದು. ಅದರಲ್ಲಿ ಒಂದು ಸಾಲು: "ಲೈಬ್ರರಿ ಜಾರುಗಳನ್ನು ತಪ್ಪಾಗಿ ಡಿಪ್ಲಾಯ್ ಮಾಡಲಾಗಿತ್ತು." ಮುಂದೆ ಆ ಹುಡುಗಿಯ ಹೆಸರು. "ಹಾಕು" ಅಂತ ಫೋನಿನಲ್ಲಿ ಹೇಳಿದವನ ಹೆಸರು ಎಲ್ಲೂ ಇರಲಿಲ್ಲ. ಮೀಟಿಂಗಿನಲ್ಲಿ ನಾನೂ ಇದ್ದೆ, ಬಾಯಿ ಬಿಡಲಿಲ್ಲ.

ಜಾರ್ ಹಾಕಿದವಳು ಅವಳು. ಜಾರಿಕೊಂಡವನು ನಾನು.

* * *

ಈಗ ವಾದಕ್ಕೆ ಬರ್ತೀನಿ.

ಜಾವಾ ಗೊತ್ತಿರೋ ಯಾರನ್ನಾದ್ರೂ ಕೇಳಿ, "ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಶನ್‌ಗೂ ನೋಕ್ಲಾಸ್‌ಡೆಫ್‌ಫೌಂಡ್‌ಎರರ್‌ಗೂ ಏನು ವ್ಯತ್ಯಾಸ?" ನಿದ್ದೆಯಲ್ಲಿ ಎಬ್ಬಿಸಿದರೂ ಹೇಳ್ತಾರೆ. ಯಾಕಂದ್ರೆ ಅದು ಇಂಟರ್‌ವ್ಯೂನ ಖಾಯಂ ಪ್ರಶ್ನೆ. ನಾವು ಅದನ್ನು ಕೆಲಸ ಸಿಗೋದಕ್ಕೆ ಬಾಯಿಪಾಠ ಮಾಡಿದ್ದೀವಿ, ಕೆಲಸ ಮಾಡೋದಕ್ಕೆ ಅಲ್ಲ. ಕೆಲಸ ಸಿಕ್ಕ ಮಾರನೇ ದಿನದಿಂದ ಎರಡಕ್ಕೂ ಒಂದೇ ಔಷಧ: ಜಾರ್ ಹಾಕು. ತಲೆನೋವಿಗೂ ಹೊಟ್ಟೆನೋವಿಗೂ ಒಂದೇ ಮಾತ್ರೆ ಕೊಡೋ ಡಾಕ್ಟರ ಹತ್ತಿರ ನೀವು ಹೋಗ್ತೀರಾ?

ಆ ಎರರ್‌ಗಳು ನಿಜವಾಗಿ ಹೇಳೋದೇನು ಅಂತ ನೋಡಿ.

ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಶನ್: ಯಾರೋ ಹೆಸರು ಕೂಗಿ ಕರೆದಿದ್ದಾರೆ, ಆ ಹೆಸರಿನವರು ಇಲ್ಲ. ಕೋಡಿನಲ್ಲೋ ಕಾನ್ಫಿಗ್ ಫೈಲಿನಲ್ಲೋ ಕ್ಲಾಸಿನ ಹೆಸರನ್ನು ಅಕ್ಷರಗಳಲ್ಲಿ ಬರೆದು, ಓಡುವಾಗ ಹುಡುಕಿಸಿದಾಗ ಬರೋದು ಇದು. ಡೇಟಾಬೇಸ್ ಡ್ರೈವರ್ ಇದಕ್ಕೆ ಹಳೇ ಉದಾಹರಣೆ. ಜಾರ್ ಇಲ್ಲದೇ ಇರಬಹುದು, ಹೆಸರಿನಲ್ಲಿ ಒಂದಕ್ಷರ ತಪ್ಪೂ ಇರಬಹುದು.

ನೋಕ್ಲಾಸ್‌ಡೆಫ್‌ಫೌಂಡ್‌ಎರರ್: ಕಂಪೈಲ್ ಮಾಡುವಾಗ ಈ ಕ್ಲಾಸು ಇತ್ತು, ಈಗ ಓಡುವಾಗ ಇಲ್ಲ. ಅಂದ್ರೆ ನಿಮ್ಮ ಯಂತ್ರಕ್ಕೂ ಸರ್ವರ್‌ಗೂ ನಡುವೆ ಎಲ್ಲೋ ಬಿದ್ದುಹೋಗಿದೆ. ಮೇವೆನ್‌ನಲ್ಲಿ ಸ್ಕೋಪ್ "ಪ್ರೊವೈಡೆಡ್" ಅಂತ ಬರೆದು, ಒದಗಿಸಬೇಕಾದ ಸರ್ವರ್ ಅದನ್ನು ಒದಗಿಸದೇ ಇದ್ದರೆ ಸರಿಯಾಗಿ ಹೀಗೇ ಆಗುತ್ತೆ.

ಅದೇ ನೋಕ್ಲಾಸ್‌ಡೆಫ್‌ಫೌಂಡ್‌ಎರರ್, ಆದರೆ ಮುಂದೆ "ಕುಡ್ ನಾಟ್ ಇನಿಶಿಯಲೈಸ್ ಕ್ಲಾಸ್" ಅಂತ ಇದ್ದರೆ ಕಥೆಯೇ ಬೇರೆ. ಕ್ಲಾಸು ಇದೆ! ಜೆವಿಎಂಗೆ ಸಿಕ್ಕಿದೆ! ಅದರ ಸ್ಟಾಟಿಕ್ ಬ್ಲಾಕ್ ಓಡುವಾಗ ಮೊದಲ ಸಲವೇ ಮುಗ್ಗರಿಸಿ ಬಿದ್ದಿದೆ. ಯಾಕೆ ಬಿತ್ತು ಅಂತ ಆ ಮೊದಲ ಸಲ ಎಕ್ಸೆಪ್ಶನ್‌ಇನ್‌ಇನಿಶಿಯಲೈಸರ್‌ಎರರ್ ಆಗಿ ಬಾಯಿಬಿಟ್ಟು ಹೇಳಿರುತ್ತೆ. ಆಮೇಲೆ ಎಷ್ಟು ಸಲ ಕರೆದರೂ "ಆಗಲ್ಲ" ಅನ್ನೋದಷ್ಟೇ. ನಮ್ಮ ಶುಕ್ರವಾರದ್ದು ಇದೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದ ಹಾಗೆ, ಇದ್ದ ಜಾರನ್ನೇ ನಾನು ರಾತ್ರಿಯಿಡೀ ಹುಡುಕಿಸಿದ್ದೆ.

ನೋಸಚ್‌ಮೆಥಡ್‌ಎರರ್: ಕ್ಲಾಸು ಸಿಕ್ಕಿದೆ, ಆದರೆ ನೀವು ಅಂದುಕೊಂಡ ಆವೃತ್ತಿ ಅಲ್ಲ. ಬಹುತೇಕ ಸಲ ಇದರ ಅರ್ಥ ಜಾರ್ ಕಮ್ಮಿ ಅಂತಲ್ಲ, ಹೆಚ್ಚಾಗಿದೆ ಅಂತ. ಒಂದನ್ನು ತೆಗೀಬೇಕಾದ ಜಾಗದಲ್ಲಿ ನಾವು ಇನ್ನೊಂದನ್ನು ತುರುಕ್ತೀವಿ.

ಅನ್‌ಸಪೋರ್ಟೆಡ್‌ಕ್ಲಾಸ್‌ವರ್ಷನ್‌ಎರರ್: ಕ್ಲಾಸು ಹೊಸ ಜಾವಾದಲ್ಲಿ ಕಂಪೈಲ್ ಆಗಿದೆ, ಓಡ್ತಿರೋದು ಹಳೇ ಜಾವಾದಲ್ಲಿ. 52 ಅಂದ್ರೆ ಜಾವಾ 8, 55 ಅಂದ್ರೆ 11, 61 ಅಂದ್ರೆ 17, 65 ಅಂದ್ರೆ 21. ಸಂಖ್ಯೆ ಸಮೇತ ಹೇಳುತ್ತೆ ಪಾಪ. ಇನ್ನೆಷ್ಟು ಬಿಡಿಸಿ ಹೇಳಬೇಕು?

ಐದು ಬೇರೆ ಬೇರೆ ದೂರುಗಳು. ಐದಕ್ಕೂ ನಮ್ಮದು ಒಂದೇ ಉತ್ತರ. ಜಾವಾ ಕಷ್ಟ ಅಂತ ದೂರೋಕೆ ಮುಂಚೆ, ಎದುರಿಗಿರೋನು ಮಾತಾಡುವಾಗ ನಾವು ಕಿವಿ ಕೊಟ್ಟಿದ್ದೀವಾ ಅಂತ ಕೇಳಿಕೊಳ್ಳಬೇಡವಾ?

* * *

ಈ ಮಾತು ಹೇಳಿದಾಗೆಲ್ಲಾ ನನಗೆ ಬರೋ ಪ್ರತಿವಾದಗಳು ಹೆಚ್ಚುಕಮ್ಮಿ ನಾಲ್ಕು. ಒಂದೊಂದಾಗಿ ನೋಡೋಣ.

ಒಂದನೇದು: "ಇದೆಲ್ಲಾ ಹಳೇ ಕಾಲದ ಗೋಳು, ಈಗ ಮೇವೆನ್, ಗ್ರೇಡಲ್ ಇದೆಯಲ್ಲಾ?"

ಇದೆ. 2005ರಲ್ಲಿ ಬಂದ ಮೇವೆನ್ 2, ನೀವು ಕೇಳಿದ ಲೈಬ್ರರಿಗೆ ಬೇಕಾದ ಲೈಬ್ರರಿಗಳನ್ನೂ ತಾನೇ ತರೋದನ್ನು ರೂಢಿ ಮಾಡಿತು. ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಒಂದೇ ಲೈಬ್ರರಿಯ ಎರಡು ಆವೃತ್ತಿ ಎರಡು ದಾರಿಯಲ್ಲಿ ಬಂದರೆ? ಮೇವೆನ್‌ನ ನಿಯಮ ಮದುವೆ ಮನೆಯ ನಿಯಮ: ಹತ್ತಿರದ ನೆಂಟರ ಮಾತೇ ನಡೆಯೋದು. ನಿಮ್ಮ ಪ್ರಾಜೆಕ್ಟಿಗೆ ಎರಡು ಹೆಜ್ಜೆ ದೂರದಲ್ಲಿ ಆವೃತ್ತಿ 1 ಇದೆ, ಮೂರು ಹೆಜ್ಜೆ ದೂರದಲ್ಲಿ ಆವೃತ್ತಿ 2 ಇದೆ ಅಂದ್ರೆ, ಹಳೆಯದಾದರೂ ಗೆಲ್ಲೋದು 1. ದೂರ ಸಮ ಆದರೆ ಮೊದಲು ಹೆಸರು ಬರೆಸಿದವರು ಗೆಲ್ತಾರೆ. ಗ್ರೇಡಲ್ ನಿಯಮ ಬೇರೆ, ಅದು ನಾವು ಬೇರೇನೂ ಹೇಳದಿದ್ದರೆ ಹೆಚ್ಚಿನ ಆವೃತ್ತಿಯನ್ನು ಆರಿಸುತ್ತೆ. ಎರಡೂ ಒಂದನ್ನು ಆರಿಸಿ ಕೆಲಸ ಮುಂದುವರಿಸ್ತಾವೆ. ಆ ಆಯ್ಕೆ ನಿಮ್ಮ ಕೋಡಿಗೆ ಸರಿಹೋಗುತ್ತಾ ಅಂತ ನೋಡೋ ಜವಾಬ್ದಾರಿ ಎರಡಕ್ಕೂ ಇಲ್ಲ, ಅದು ನಮ್ಮದು. ಅಡುಗೆಯವರನ್ನು ಕರೆಸಿದ ಮಾತ್ರಕ್ಕೆ ಎಷ್ಟು ಜನ ಊಟಕ್ಕೆ ಬರ್ತಾರೆ ಅಂತ ಲೆಕ್ಕ ಹಾಕೋದು ತಪ್ಪುತ್ತಾ?

ಇನ್ನು ಸಾವಿರ ಸಾಲಿನ ಪೋಮ್ ಫೈಲುಗಳಲ್ಲಿ "ಇದನ್ನು ತೆಗೆದರೆ ಬಿಲ್ಡ್ ಒಡೆಯುತ್ತೆ, ಯಾಕೆ ಅಂತ ಗೊತ್ತಿಲ್ಲ, ಮುಟ್ಟಬೇಡಿ" ಅನ್ನೋ ಥರದ ಕಾಮೆಂಟ್ ನೀವೂ ನೋಡಿರ್ತೀರಿ. ಅದು ಹರಕೆ ಹೊತ್ತು ಕಟ್ಟಿದ ತಾಯಿತ. ತಾಯಿತಕ್ಕೆ ಕಾರಣ ಕೇಳಬಾರದು ;-)

ಎರಡನೇದು: "ತಪ್ಪು ಜಾವಾದ್ದೇ."

ಅರ್ಧ ಒಪ್ಪಿದೆ. ಕ್ಲಾಸ್‌ಪಾತ್ ಅನ್ನೋದು ಒಂದು ಒರಟು ವ್ಯವಸ್ಥೆ. ಒಂದೇ ಹೆಸರಿನ ಕ್ಲಾಸು ಎರಡು ಜಾರುಗಳಲ್ಲಿದ್ದರೆ ಮೊದಲು ಸಿಕ್ಕಿದ್ದೇ ಸರಿ ಅಂತ ಸುಮ್ಮನಾಗುತ್ತೆ. ಒಂದೇ ನಂಬರಿನ ಎರಡು ಮನೆ ಇರೋ ಬೀದಿಯಲ್ಲಿ ಪೋಸ್ಟ್‌ಮ್ಯಾನ್ ಮೊದಲ ಮನೆಗೇ ಕಾಗದ ಹಾಕಿ ಹೋದ ಹಾಗೆ. ಎರಡನೇ ಮನೆ ಇದೆ ಅಂತ ಒಂದು ಮಾತೂ ಹೇಳಲ್ಲ. ಜಾವಾ 6ರಿಂದ, ಅಂದ್ರೆ 2006ರಿಂದ, ಲಿಬ್ ಸ್ಲ್ಯಾಶ್ ನಕ್ಷತ್ರ ಅಂತ ಬರೆದರೆ ಫೋಲ್ಡರಿನ ಎಲ್ಲಾ ಜಾರುಗಳೂ ಬರ್ತಾವೆ. ಯಾವ ಕ್ರಮದಲ್ಲಿ? ಕ್ರಮಕ್ಕೆ ಖಾತರಿಯಿಲ್ಲ, ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದು ಅಂತ ಜಾವಾದ ದಾಖಲೆಯಲ್ಲೇ ಇದೆ. "ನನ್ನ ಮೆಷೀನಿನಲ್ಲಿ ಓಡುತ್ತೆ" ಅನ್ನೋ ನಮ್ಮ ರಾಷ್ಟ್ರಗೀತೆಯ ಒಂದು ಮೂಲ ಇಲ್ಲೇ ಇದೆ. ನಮ್ಮ ಶುಕ್ರವಾರದ ಸರ್ವರ್‌ನಲ್ಲೂ ಇದ್ದದ್ದು ಇದೇ ನಕ್ಷತ್ರ. ಎರಡು ಕಾಮನ್ ಜಾರಿನಲ್ಲಿ ಹಳೆಯದು ಮೊದಲು ಸಿಕ್ಕಿತು. ಆ ಹಳೆಯದು ಕಾನ್ಫಿಗ್ ಫೈಲನ್ನು ಓದ್ತಾನೇ ಇರಲಿಲ್ಲ, ಅದಕ್ಕೇ ಮೊದಲನೇ ಎರರ್ ಮಾಯವಾಗಿ ಬೇರೆಯದು ಬಂತು. ನಾವು ಅದನ್ನೇ ಪ್ರಗತಿ ಅಂದುಕೊಂಡೆವು!

ಇನ್ನೊಂದು ಮಜಾ ಕೇಳಿ. ಮೈನಸ್ ಜಾರ್ ಅಂತ ಕೊಟ್ಟು ಪ್ರೋಗ್ರಾಂ ಓಡಿಸಿದರೆ, ಪಕ್ಕದಲ್ಲಿ ನೀವು ಕಷ್ಟಪಟ್ಟು ಟೈಪಿಸಿದ ಕ್ಲಾಸ್‌ಪಾತನ್ನು ಜಾವಾ ಕಣ್ಣೆತ್ತಿಯೂ ನೋಡಲ್ಲ. ಆ ಜಾರಿನ ಮ್ಯಾನಿಫೆಸ್ಟಿನಲ್ಲಿ ಏನು ಬರೆದಿದೆಯೋ ಅದೇ ಶಾಸನ. ಒಂದು ಎಚ್ಚರಿಕೆಯನ್ನಾದ್ರೂ ಕೊಡಬಾರದಾ? ಕೊಡಲ್ಲ. ಇಲ್ಲಿ ನಾನೂ ನಿಮ್ಮ ಜೊತೆ ಸೇರಿ ಬೈತೀನಿ.

ಆದರೆ ಜಾವಾ ಮುಂಚೆಯೇ ಡಂಗುರ ಸಾರಿ ಮಾಡಿದ ಬದಲಾವಣೆಗಳೂ ಇವೆ. ಎಕ್ಸ್‌ಎಂಎಲ್ ಓದಿ ಬರೆಯೋ ಜ್ಯಾಕ್ಸ್‌ಬಿ ಜಾವಾ 6ರಿಂದ ಜಾವಾದ ಜೊತೆಗೇ ಬರ್ತಿತ್ತು. 2017ರ ಜಾವಾ 9ರಲ್ಲಿ "ಇದನ್ನು ತೆಗೀತೀವಿ" ಅಂದರು, 2018ರ ಜಾವಾ 11ರಲ್ಲಿ ತೆಗೆದರು. ಜಾವಾ 8ರಿಂದ ಸೀದಾ 11ಕ್ಕೆ ಜಿಗಿದ ಪ್ರಾಜೆಕ್ಟುಗಳಲ್ಲಿ ನೋಕ್ಲಾಸ್‌ಡೆಫ್‌ಫೌಂಡ್‌ಎರರ್ ಜಾತ್ರೆ. ಆಗ ಏನು ಮಾಡಿದರು? ಎಪಿಐ ಜಾರ್ ಒಂದನ್ನು ತಂದು ಹಾಕಿದರು. ಎರರ್ ಹೋಯಿತು, ಇನ್ನೊಂದು ಬಂತು: ಇಂಪ್ಲಿಮೆಂಟೇಶನ್ ಸಿಗ್ತಿಲ್ಲ ಅಂತ. ಎಪಿಐ ಜಾರ್ ಅನ್ನೋದು ಮೆನು ಕಾರ್ಡ್ ಅಷ್ಟೇ ಸ್ವಾಮಿ, ಅಡುಗೆ ಬೇರೆ ಜಾರಿನಲ್ಲಿದೆ. ಮೆನು ಕಾರ್ಡ್ ತಂದಿಟ್ಟುಕೊಂಡು ಊಟಕ್ಕೆ ಕೂತರೆ ಹೊಟ್ಟೆ ತುಂಬುತ್ತಾ?

ಜಾವಾಎಕ್ಸ್ ಹೋಗಿ ಜಕಾರ್ತಾ ಬಂದದ್ದೂ ಹಾಗೇ. ಜಾವಾ ಇಇಯನ್ನು ಆರೇಕಲ್ ಕಂಪನಿ ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸೋದು 2017ರಲ್ಲಿ ಶುರುವಾಯಿತು. ಹೆಸರಿನ ಹಕ್ಕಿನ ಬಗ್ಗೆ ಒಪ್ಪಂದ ಆಗಲಿಲ್ಲ ಅಂತ 2019ರಲ್ಲಿ ತಿಳಿಯಿತು. ಹಾಗಾಗಿ 2020ರ ಜಕಾರ್ತಾ ಇಇ 9ರಲ್ಲಿ ಪ್ಯಾಕೇಜುಗಳ ಹೆಸರೇ ಬದಲಾಯಿತು. ಟಾಮ್‌ಕ್ಯಾಟ್ 9 ಹಳೇ ಹೆಸರಿಗೆ, ಟಾಮ್‌ಕ್ಯಾಟ್ 10 ಹೊಸ ಹೆಸರಿಗೆ. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3 ಕೂಡ ಹೊಸ ಹೆಸರಿಗೇ. ತಾಂತ್ರಿಕ ಕಾರಣ ಅಲ್ಲ, ಹೆಸರಿನ ಜಗಳ. ಅದರ ಬಿಸಿ ತಟ್ಟಿದ್ದು ರಾತ್ರಿ ಪಾಳಿಯಲ್ಲಿ ಕೂತ ನಮ್ಮಂಥವರಿಗೆ. ಬೇಜಾರಿನ ವಿಷಯವೇ. ಹಾಗಂತ ಹಳೇ ಅಪ್ಲಿಕೇಶನ್ನನ್ನು ಟಾಮ್‌ಕ್ಯಾಟ್ 10ರಲ್ಲಿ ಇಟ್ಟು, ಅದು "ಸರ್ವ್‌ಲೆಟ್ ಕ್ಲಾಸ್ ಇಲ್ಲ" ಅಂದಾಗ ಹಳೇ ಸರ್ವ್‌ಲೆಟ್ ಜಾರನ್ನು ಅದರ ಬಾಯಿಗೆ ತುರುಕಿದರೆ ಕೆಲಸ ಆಗಲ್ಲ. ಕ್ಲಾಸೇನೋ ಸಿಗುತ್ತೆ, ಆದರೆ ಟಾಮ್‌ಕ್ಯಾಟ್‌ಗೆ ನಿಮ್ಮ ಸರ್ವ್‌ಲೆಟ್ ತನ್ನ ಮನೆಯವನು ಅಂತ ಗುರುತೇ ಸಿಗಲ್ಲ. ಒಂದೋ 9ರಲ್ಲೇ ಇರಬೇಕು, ಇಲ್ಲಾ ಕೋಡನ್ನು ಹೊಸ ಹೆಸರಿಗೆ ಬದಲಾಯಿಸಬೇಕು.

ಮೂರನೇದು: "ಕ್ಲೈಂಟ್ ಕಾಲ್‌ನಲ್ಲಿ ಕೂತಿರ್ತಾನೆ, ಲಾಗ್ ಓದ್ತಾ ಕೂರೋಕೆ ಟೈಮ್ ಎಲ್ಲಿದೆ?"

ನಮ್ಮ ಲೆಕ್ಕ ನೋಡಿ. ಓದಿದ್ದರೆ ಹತ್ತು ನಿಮಿಷ. ಓದದೇ ಹೋದದ್ದಕ್ಕೆ ಒಂದು ರಾತ್ರಿ, ಒಂದು ಶನಿವಾರ, ಆರು ಜನ. ಟೈಮ್ ಇಲ್ಲ ಅಂದವರೇ ಟೈಮ್ ಹಾಳು ಮಾಡಿದ್ದು.

ನಾಲ್ಕನೇದು ಇತ್ತೀಚಿನದು: "ಎಐ ಕೇಳಿದ್ರೆ ಹೇಳುತ್ತೆ ಬಿಡಿ."

ಹೇಳುತ್ತೆ. ಲಾಗಿನ ಕೊನೇ ಎರಡು ಸಾಲು ಅಂಟಿಸಿ ಕೇಳಿದರೆ ಎಷ್ಟೋ ಸಲ ಅದೂ "ಈ ಡಿಪೆಂಡೆನ್ಸಿ ಸೇರಿಸಿ" ಅಂತಲೇ ಹೇಳುತ್ತೆ. ಅನ್ನ ಕಲಸ್ತಾ ಫೋನಿನಲ್ಲಿ ನಾನು ಹೇಳಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ? ಅದಕ್ಕೂ ನಾನೂರು ಸಾಲು ಮೇಲಿರೋದು ಕಾಣಿಸಿರಲ್ಲ, ನನಗೂ ಕಾಣಿಸಿರಲಿಲ್ಲ. ಪೂರ್ತಿ ಲಾಗ್ ಕೊಟ್ಟು ಕೇಳೋ ಬುದ್ಧಿ ಇದ್ದವರು ಆ ಲಾಗನ್ನು ತಾವೇ ಒಮ್ಮೆ ಕಣ್ಣಾಡಿಸಬಹುದು.

* * *

ಬೈದದ್ದು ಸಾಕು, ಹಾಗಾದ್ರೆ ಏನು ಮಾಡಬೇಕು ಅಂತ ಕೇಳ್ತೀರಿ. ಆ ಶನಿವಾರದ ನಂತರ ನಾನು ಪಾಲಿಸ್ತಿರೋ ಕ್ರಮ ಇದು.

1. ಲಾಗನ್ನು ಸ್ಟಾರ್ಟ್ ಆದ ಜಾಗದಿಂದ ಕೆಳಕ್ಕೆ ಓದೋದು. ಮೊದಲ ಎರರ್ ಸಿಕ್ಕ ಕಡೆ ನಿಂತು, ಅದರ ಕೆಳಗಿರೋ "ಕಾಸ್ಡ್ ಬೈ"ಗಳಲ್ಲಿ ಕೊನೆಯದನ್ನು ನೋಡೋದು. ಮೂಲ ಕಾರಣ ಇರೋದು ಅಲ್ಲಿ.

2. ಎರರ್ ಹೆಸರನ್ನು ಪೂರ್ತಿ ಓದೋದು. ಮೇಲಿನ ಐದರಲ್ಲಿ ಯಾವುದು? ಕ್ಲಾಸು ಇಲ್ಲವೋ, ಇದ್ದೂ ಎದ್ದೇಳಲಿಲ್ಲವೋ, ಬೇರೆ ಆವೃತ್ತಿಯೋ?

3. ಆ ಕ್ಲಾಸು ಯಾವ್ಯಾವ ಜಾರಿನಲ್ಲಿದೆ ಅಂತ ಹುಡುಕೋದು. ಜಾರ್ ಟಿಎಫ್ ಅನ್ನೋ ಕಮಾಂಡ್ ಒಳಗಿರೋ ಪಟ್ಟಿ ಕೊಡುತ್ತೆ. ಸೊನ್ನೆ ಜಾರಿನಲ್ಲಿದ್ದರೆ ಒಂದು ಸಮಸ್ಯೆ, ಎರಡು ಜಾರಿನಲ್ಲಿದ್ದರೆ ಇನ್ನೊಂದು ಸಮಸ್ಯೆ.

4. ಜೆವಿಎಂ ನಿಜವಾಗಿ ಎಲ್ಲಿಂದ ಎತ್ತಿಕೊಂಡಿತು ಅಂತ ಅದನ್ನೇ ಕೇಳೋದು. ಮೈನಸ್ ವರ್ಬೋಸ್ ಕೋಲನ್ ಕ್ಲಾಸ್ ಅಂತ ಕೊಟ್ಟರೆ ಪ್ರತಿ ಕ್ಲಾಸನ್ನೂ ಯಾವ ಜಾರಿನಿಂದ ತಂದೆ ಅಂತ ಒಪ್ಪಿಸುತ್ತೆ.

5. ಆ ಜಾರನ್ನು ಮನೆಯೊಳಗೆ ಕರೆದುಕೊಂಡು ಬಂದವರು ಯಾರು ಅಂತ ನೋಡೋದು. ಮೇವೆನ್‌ನಲ್ಲಿ ಡಿಪೆಂಡೆನ್ಸಿ ಟ್ರೀ ಅಂತ ಒಂದು ಗೋಲ್ ಇದೆ, ಪೂರ್ತಿ ವಂಶವೃಕ್ಷ ಬಿಡಿಸಿಡುತ್ತೆ.

6. ಇಷ್ಟಾದ ಮೇಲೆ ಸೇರಿಸೋದು, ತೆಗೆಯೋದು ಅಥವಾ ಆವೃತ್ತಿ ಬದಲಿಸೋದು. ಮಾಡಿದ್ದಕ್ಕೆ ಯಾಕೆ ಅಂತ ಒಂದು ಸಾಲು ಬರೆದಿಡೋದು.

ಇದರಲ್ಲಿ ಯಾವುದೂ ಮಹಾ ವಿದ್ಯೆ ಅಲ್ಲ. ಆದರೆ ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ನನಗೆ ಯಾರೂ ಇದನ್ನು ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ. ಲ್ಯಾಬಿನಲ್ಲಿ ಎಲ್ಲಾ ಮೊದಲೇ ಹೊಂದಿಸಿಟ್ಟಿರೋರು. ರೆಕಾರ್ಡ್ ಪುಸ್ತಕದಲ್ಲಿ ಬರೆದದ್ದು ಸರಿಯಾಗಿ ಓಡಿದ ಪ್ರೋಗ್ರಾಂ ಮಾತ್ರ. ಎರರ್ ಬಂದರೆ ಪಕ್ಕದವನ ಕಂಪ್ಯೂಟರಿನಿಂದ ಫೋಲ್ಡರ್ ಸಮೇತ ಕಾಪಿ. "ಹಾಕಿ ನೋಡು" ಪರಂಪರೆಯ ಗುರುಕುಲ ಅಲ್ಲೇ ಶುರು.

* * *

ಈಗ ಸಾಫ್ಟ್‌ವೇರಿನವರಲ್ಲದ ಗೆಳೆಯರಿಗೆ ಕೊಟ್ಟ ಮಾತು. ಇದು ನಿಮಗೇಕೆ ಸಂಬಂಧ?

ಯಾಕಂದ್ರೆ ರಾತ್ರಿ ಮೂರು ಗಂಟೆಗೆ ಹಾಕಿದ ಜಾರನ್ನು ಯಾರೂ ಆಮೇಲೆ ತೆಗೆಯಲ್ಲ. ಹಾಗೆ ವರ್ಷಗಟ್ಟಲೆ ಕೂಡಿಬಿದ್ದ ಗಂಟುಗಳ ಮೇಲೆ ನಿಮ್ಮ ಬ್ಯಾಂಕು, ನಿಮ್ಮ ಆಸ್ಪತ್ರೆ, ನಿಮ್ಮ ರೈಲು ಟಿಕೆಟ್ಟು ನಡೀತಿರಬಹುದು.

ಅಮೆರಿಕದ ಈಕ್ವಿಫ್ಯಾಕ್ಸ್ ಅನ್ನೋ ಕಂಪನಿ ಜನರ ಸಾಲದ ಇತಿಹಾಸ ಇಟ್ಟುಕೊಳ್ಳುತ್ತೆ. 2017ರ ಮಾರ್ಚಿನಲ್ಲಿ ಅಪಾಚೆ ಸ್ಟ್ರಟ್ಸ್ ಅನ್ನೋ ಜಾವಾ ಲೈಬ್ರರಿಯಲ್ಲಿ ಒಂದು ತೂತು ಇದೆ ಅಂತ ಗೊತ್ತಾಯಿತು, ಅದಕ್ಕೆ ತೇಪೆಯೂ ಬಂತು. ಕಂಪನಿ ತನ್ನ ಸರ್ವರುಗಳಲ್ಲಿ ಹುಡುಕಿಸಿತು, ಆದರೆ ತೂತಿದ್ದ ಸ್ಟ್ರಟ್ಸ್ ಕಣ್ಣಿಗೆ ಬೀಳಲಿಲ್ಲ. ಮೇ ತಿಂಗಳಿನಿಂದ ಜುಲೈವರೆಗೆ ಕಳ್ಳರು ಅಲ್ಲಿಂದಲೇ ಒಳಗೆ ನುಗ್ಗಿದರು. ಸುಮಾರು 14.7 ಕೋಟಿ ಜನರ ಮಾಹಿತಿ ಹೋಯಿತು. ಮನೆಯಲ್ಲಿ ಏನಿದೆ ಅಂತ ಮನೆಯವರಿಗೆ ಗೊತ್ತಿರಲಿಲ್ಲ, ಕಳ್ಳರಿಗೆ ಗೊತ್ತಿತ್ತು.

2021ರ ಡಿಸೆಂಬರಿನ ಲಾಗ್‌ಫೋರ್‌ಶೆಲ್ ನಿಮಗೆ ನೆನಪಿರಬಹುದು. ಲಾಗ್ ಬರೆಯೋದಕ್ಕೆ ಅಂತ ಎಲ್ಲರೂ ಬಳಸೋ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ತೂತು. ತೀವ್ರತೆ ಹತ್ತಕ್ಕೆ ಹತ್ತು. ಹೊರಗಿನವರು ಕಳಿಸಿದ ಒಂದು ಸಾಲನ್ನು ಲಾಗಿನಲ್ಲಿ ಬರೆದರೆ ಸಾಕು, ಸರ್ವರ್ ಅವರ ಕೈಗೆ. 2.14.1ರವರೆಗಿನ ಆವೃತ್ತಿಗಳಲ್ಲಿ ತೊಂದರೆ ಇತ್ತು. 2.15.0 ಬಂತು, ಸಾಲದೆ 2.16.0, ಆಮೇಲೆ 2.17.0, ಆಮೇಲೆ 2.17.1, ಎಲ್ಲಾ ಅದೇ ಒಂದು ತಿಂಗಳಿನಲ್ಲಿ. ಆಗ ನಾನು ಕೆಲಸಕ್ಕೆ ಹೊಸಬ. ಮೇಲಿನಿಂದ ಬಂದ ಪ್ರಶ್ನೆ ಬಹಳ ಸರಳವಾಗಿತ್ತು: "ನಮ್ಮಲ್ಲಿ ಲಾಗ್‌ಫೋರ್‌ಜೆ ಇದೆಯಾ? ಯಾವ ಆವೃತ್ತಿ?" ಉತ್ತರ ಹೇಳೋಕೆ ನಾಲ್ಕು ದಿನ ಬೇಕಾಯಿತು. ಯಾಕಂದ್ರೆ ಜಾರಿನೊಳಗೆ ಜಾರು, ಅದರೊಳಗೆ ಇನ್ನೊಂದು ಜಾರು. ಯಾರು ಹಾಕಿದ್ದು, ಯಾವಾಗ, ಯಾಕೆ ಅಂತ ಒಂದು ಸಾಲೂ ಇರಲಿಲ್ಲ.

ತಕ್ಷಣಕ್ಕೆ ಹೊಸ ಆವೃತ್ತಿ ಹಾಕಲಾಗದವರಿಗೆ ಅಪಾಚೆಯವರೇ ಹೇಳಿದ ಉಪಾಯ ಏನು ಗೊತ್ತಾ? ಆ ಜಾರಿನೊಳಗಿಂದ ಜೆಎನ್‌ಡಿಐಲುಕಪ್ ಅನ್ನೋ ಒಂದು ಕ್ಲಾಸನ್ನು ಅಳಿಸಿಹಾಕಿ ಅಂತ. ಕ್ಲಾಸು ಕಾಣೆಯಾದರೆ ಪ್ರಾಣವೇ ಹೋದ ಹಾಗೆ ಆಡ್ತಿದ್ದ ನಾವೆಲ್ಲಾ ಆ ವಾರ ಕೈಯಾರೆ ಒಂದು ಕ್ಲಾಸನ್ನು ಕಾಣೆ ಮಾಡ್ತಾ ಕೂತಿದ್ದೆವು. ಕಾಣೆಯಾದ ಕ್ಲಾಸು ಕೂಗಿ ಹೇಳುತ್ತೆ, ಸರ್ವರನ್ನೇ ನಿಲ್ಲಿಸುತ್ತೆ. ಬೇಡದೇ ಬಂದು ಕೂತ ಕ್ಲಾಸು ಸದ್ದೇ ಮಾಡಲ್ಲ. ನಿಜವಾಗಿ ಹೆದರಬೇಕಾದದ್ದು ಯಾವುದಕ್ಕೆ ಅಂತ ನೀವೇ ಹೇಳಿ.

* * *

ಕೊನೆಗೆ ಆ ಆರ್‌ಸಿಎ ವಿಷಯ. ಎರಡು ವಾರ ಸುಮ್ಮನಿದ್ದೆ. ಒಂದು ದಿನ ಕ್ಯಾಂಟೀನಿನಲ್ಲಿ ಅದೇ ಹುಡುಗಿ ಸಿಕ್ಕಳು. ಬೇರೇನೋ ಮಾತಾಡ್ತಾ, "ನಂಗೆ ಜಾವಾ ಆಗಿಬರಲ್ಲ ಅನ್ಸುತ್ತೆ, ಟೆಸ್ಟಿಂಗ್‌ಗೆ ಹಾಕಿಸಿಕೊಳ್ಳೋಣ ಅಂತಿದೀನಿ" ಅಂದಳು. ಅನ್ನೋ ರೀತಿಯಲ್ಲಿ ದೂರು ಇರಲಿಲ್ಲ, ಅದೇ ನನಗೆ ಚುಚ್ಚಿದ್ದು. ಆವತ್ತು ರಾತ್ರಿ ಜಾರ್ ಇದೆಯಲ್ಲಾ ಅಂತ ಸರಿಯಾಗಿ ಹೇಳಿದ್ದವಳು ಅವಳೊಬ್ಬಳೇ. ಕಣ್ಣಿಗೆ ಕಂಡದ್ದನ್ನು ನಂಬಬೇಡ, ನನ್ನ ಮಾತು ನಂಬು ಅಂತ ಹೇಳಿಕೊಟ್ಟವನು ನಾನು.

ಅದೇ ದಿನ ಎಲ್ಲರನ್ನೂ ಸೇರಿಸಿ ಮೇಲ್ ಬರೆದೆ. ಜಾರ್ ಹಾಕೋಕೆ ಹೇಳಿದ್ದು ನಾನು, ಅವಳು ಇದೆ ಅಂದರೂ ಕೇಳಲಿಲ್ಲ, ಮೂಲ ಕಾರಣ ಫೈಲಿನ ಅನುಮತಿ ಅಂತ. ಆ ಸಾಲು ತಿದ್ದಿದರು. ಅವಳು ಟೆಸ್ಟಿಂಗ್‌ಗೆ ಹೋಗ್ತಾಳೋ ಇಲ್ಲೇ ಇರ್ತಾಳೋ ಇನ್ನೂ ನಿರ್ಧಾರ ಆಗಿಲ್ಲ. ನನ್ನ ಮೇಲ್‌ಗೆ ಮ್ಯಾನೇಜರ್ ಕೊಟ್ಟ ಉತ್ತರ ಒಂದೇ ಪದ, "ನೋಟೆಡ್".

ಹಾಗಾಗಿ ಸಾಫ್ಟ್‌ವೇರಿನಲ್ಲಿರೋ ಗೆಳೆಯರಲ್ಲಿ ನನ್ನದು ಇಷ್ಟೇ ಕೋರಿಕೆ. ಇನ್ನೊಮ್ಮೆ ಯಾರಾದ್ರೂ ಕಿರಿಯರು ರಾತ್ರಿ ಫೋನ್ ಮಾಡಿ "ಕ್ಲಾಸ್ ಸಿಗ್ತಿಲ್ಲ" ಅಂದರೆ, ಜಾರಿನ ಹೆಸರು ಹೇಳಬೇಡಿ. "ಮೊದಲನೇ ಎರರ್ ಯಾವುದು, ಪೂರ್ತಿ ಓದು" ಅನ್ನಿ. ತಟ್ಟೆ ಪಕ್ಕಕ್ಕೆ ಸರಿಸಿ, ಅವರು ಓದೋವರೆಗೂ ಲೈನಿನಲ್ಲಿರಿ.